ಜರ್ಮನಿಯಲ್ಲಿ ಮೊದಲ ಮೂರು ತಿಂಗಳು: ಹಾಸನ, ಚಿಕ್ಕಮಗಳೂರು ಕಡೆಯವರಿಗೆ

ಹೇಮಾವತಿ ದಡ
ಅಕ್ಟೋಬರ್‌ಗೆ ಓದೋಕೆ, ಕೆಲಸಕ್ಕೆ ಅಂತ ನಮ್ಮ ಕಡೆಯಿಂದ ಜರ್ಮನಿಗೆ ಹೊರಟಿರೋರು ಈ ಸಲ ಜಾಸ್ತಿ ಇದ್ದಾರೆ. ವೀಸಾ ಸಿಗೋವರೆಗಿನ ಮಾಹಿತಿ ಎಲ್ಲ ಕಡೆ ಸಿಗುತ್ತೆ. ವಿಮಾನ ಇಳಿದು ಮನೆ ಬಾಗಿಲು ತೆಗೆದ ಮೇಲೆ ಏನು ಅನ್ನೋದು ಕನ್ನಡದಲ್ಲಿ ಒಂದು ಕಡೆ ಸಿಗಲ್ಲ. ಕಾಗದಪತ್ರ, ಮನೆ, ಅಡುಗೆ, ಓಡಾಟ, ಊರಲ್ಲಿ ಬಿಟ್ಟು ಹೋಗೋ ತೋಟ, ಗೊತ್ತಿರೋರು ಬರೀರಿ.

ಕಾಗದಪತ್ರ ರಾಯ
ಹೆಸರಿನಿಂದಲೇ ಶುರು ಮಾಡೋಣ. ನಮ್ಮ ಕಡೆಯ ತಲೆನೋವು ಇದು, ಉತ್ತರ ಭಾರತದವರಿಗೆ ಅರ್ಥವೂ ಆಗಲ್ಲ.

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಮಂಜುನಾಥ ಎಚ್ ಆರ್' ಅಂತ ಇರುತ್ತೆ. ಎಚ್ ಅಂದ್ರೆ ಊರು, ಆರ್ ಅಂದ್ರೆ ಅಪ್ಪನ ಹೆಸರು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕು. ಆಗ ಮೂರು ಥರ ಆಗುತ್ತೆ: ಇಡೀ ಹೆಸರು 'ಗಿವನ್ ನೇಮ್' ಜಾಗದಲ್ಲಿ ಕೂತು ಸರ್‌ನೇಮ್ ಖಾಲಿ ಉಳಿಯುತ್ತೆ, ಅಪ್ಪನ ಹೆಸರು ಸರ್‌ನೇಮ್ ಆಗುತ್ತೆ, ಇಲ್ಲವೇ ಊರೇ ಸರ್‌ನೇಮ್ ಆಗುತ್ತೆ. ಮೂರನೆಯದಾದರೆ ಜೀವನಪೂರ್ತಿ 'ಹೆರ್ ಹಾಸನ್', 'ಫ್ರೌ ಹೊಳೆನರಸೀಪುರ' ಅಂತ ಪತ್ರ ಬರುತ್ತೆ. ಅದರಿಂದ ನಷ್ಟ ಇಲ್ಲ. ನಷ್ಟ ಇರೋದು ಮೊದಲನೆಯದರಲ್ಲಿ. ಖಾಲಿ ಸರ್‌ನೇಮ್ ಇದ್ದರೆ ಅಲ್ಲಿಯ ಕಚೇರಿಗಳು ಸಾಮಾನ್ಯವಾಗಿ ಪೂರ್ತಿ ಹೆಸರನ್ನ ಮನೆತನದ ಹೆಸರಿನ ಕಡೆ ಹಾಕಿ, ಮೊದಲ ಹೆಸರಿನ ಕಡೆ ಒಂದು ಗೆರೆ ಎಳೀತಾವೆ. ಬ್ಯಾಂಕು, ಮೊಬೈಲು, ವಿಮೆ ಇವುಗಳ ಆನ್‌ಲೈನ್ ಅರ್ಜಿ ಗೆರೆಯನ್ನ ಒಪ್ಪಲ್ಲ. ಒಬ್ಬರು ಒಂದು ಥರ, ಇನ್ನೊಬ್ಬರು ಇನ್ನೊಂದು ಥರ ಬರೆದುಕೊಂಡು, ಕೊನೆಗೆ ಒಬ್ಬ ಮನುಷ್ಯನಿಗೆ ನಾಲ್ಕು ಹೆಸರು.

ಹಾಗಾಗಿ ವೀಸಾಗೆ ಹಾಕೋ ಮುಂಚೆಯೇ ಪಾಸ್‌ಪೋರ್ಟಿನಲ್ಲಿ ಎರಡೂ ಜಾಗ ತುಂಬಿಸಿಕೊಳ್ಳಿ. ಹಾಸನದಲ್ಲೇ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ, 'ರೀಇಷ್ಯೂ' ಅರ್ಜಿ ಹಾಕಬೇಕು. ವೀಸಾ ಬಂದ ಮೇಲೆ ಬದಲಾಯಿಸಿದ್ರೆ ವೀಸಾ, ಪ್ರವೇಶ ಪತ್ರ, ವಿಮೆ ಎಲ್ಲಾ ಮತ್ತೆ ತಿದ್ದಿಸಬೇಕು. ಅಂಕಪಟ್ಟಿ ತಿದ್ದಿಸೋಕೆ ಹೋಗಬೇಡಿ. 'ಈ ಎರಡು ಹೆಸರೂ ಒಬ್ಬರದೇ' ಅನ್ನೋ ಅಫಿಡವಿಟ್ ಇಂಗ್ಲಿಷಿನಲ್ಲಿ ಮಾಡಿಸಿ, ನೋಟರಿ ಸೀಲಿನ ಎರಡು ಮೂಲ ಪ್ರತಿ ಇಟ್ಟುಕೊಳ್ಳಿ.

ಜನನ ಪ್ರಮಾಣಪತ್ರ, ಮದುವೆ ಪ್ರಮಾಣಪತ್ರ ಇಂಗ್ಲಿಷ್ ಇರೋದನ್ನೇ ತಗೊಳ್ಳಿ. ಬರೀ ಕನ್ನಡದಲ್ಲಿದ್ರೆ ಅದನ್ನ ಜರ್ಮನ್‌ಗೆ ತರೋ ಪ್ರಮಾಣವಚನದ ಅನುವಾದಕರು ಸಿಗೋದು ಕಷ್ಟ, ಇಂಗ್ಲಿಷಿಂದಾದ್ರೆ ಎಲ್ಲ ಊರಲ್ಲೂ ಸಿಗ್ತಾರೆ.

ಅರಸೀಕೆರೆ ಪ್ಯಾಸೆಂಜರ್
ರಾಯರೇ, ಅಪೊಸ್ಟಿಲ್, ಅಂದ್ರೆ ನಮ್ಮ ಕಾಗದಪತ್ರ ಹೊರದೇಶದಲ್ಲೂ ನಡೆಯೋ ಹಾಗೆ ಸರ್ಕಾರ ಒತ್ತೋ ಮುದ್ರೆ, ಮಾಡಿಸಿ ಅಂತ ಏಜೆಂಟ್ ಒಬ್ರು ಗಂಟು ಬಿದ್ದಿದ್ದಾರೆ. ಬೇಕಾ?

ಕಾಗದಪತ್ರ ರಾಯ
ಜರ್ಮನಿಗಾದರೆ ಬೇಡ. ಭಾರತ 2005ರಲ್ಲಿ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿತು ನಿಜ, ಆದರೆ ಜರ್ಮನಿ ಆಕ್ಷೇಪ ಎತ್ತಿದ್ದರಿಂದ ಈ ಎರಡು ದೇಶದ ನಡುವೆ ಆ ಮುದ್ರೆ ನಡೆಯಲ್ಲ. ಅಲ್ಲಿಯ ಕಚೇರಿಗೆ ಅನುಮಾನ ಬಂದರೆ ಜರ್ಮನ್ ದೂತಾವಾಸದ ಮೂಲಕ ಊರಲ್ಲಿ ಪರಿಶೀಲನೆ ಮಾಡಿಸ್ತಾರೆ, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತೆ. ಓದೋಕೆ ಹೋಗೋರಿಗೆ ಬೇಕಾಗಿರೋದು ಓದಿನ ದಾಖಲೆ ಪರಿಶೀಲಿಸಿ ಕೊಡೋ ಎಪಿಎಸ್ ಪ್ರಮಾಣಪತ್ರ, 2022ರ ನವೆಂಬರ್‌ನಿಂದ ವಿದ್ಯಾರ್ಥಿ ವೀಸಾಗೆ ಕಡ್ಡಾಯ.

ಈಗ ಮುಖ್ಯ ಗಂಟು: ವಿಳಾಸ ನೋಂದಣಿ. ಅಲ್ಲಿ 'ಆನ್‌ಮೆಲ್ಡುಂಗ್' ಅಂತಾರೆ. ಮನೆಗೆ ಹೋದ ಎರಡು ವಾರದೊಳಗೆ ಆ ಊರಿನ ನಾಗರಿಕ ಕಚೇರಿಯಲ್ಲಿ ಮಾಡಿಸಬೇಕು. ಪಾಸ್‌ಪೋರ್ಟ್, ವೀಸಾ, ತುಂಬಿದ ಅರ್ಜಿ, ಜೊತೆಗೆ 'ಇವರು ಇಂಥ ದಿನ ನನ್ನ ಮನೆಗೆ ಬಂದಿದ್ದಾರೆ' ಅಂತ ಮನೆ ಮಾಲೀಕರು ಸಹಿ ಹಾಕಿದ ಒಂದು ಹಾಳೆ. ಈ ಹಾಳೆಗೆ 'ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್' ಅನ್ನೋ ರೈಲುಬಂಡಿಯಷ್ಟು ಉದ್ದದ ಹೆಸರು. ಬಾಡಿಗೆ ಕರಾರು ಪತ್ರ ತೋರಿಸಿದ್ರೆ ಸಾಲದು, ಇದೇ ಹಾಳೆ ಬೇಕು. 'ಮನೆ ಕೊಡ್ತೀನಿ, ನೋಂದಣಿ ಮಾತ್ರ ಬೇಡ' ಅನ್ನೋ ಮಾಲೀಕರ ಮನೆ ಎಷ್ಟೇ ಅಗ್ಗ ಇದ್ರೂ ಬಿಟ್ಟುಬಿಡಿ.

ಅರ್ಜಿಯಲ್ಲಿ ಧರ್ಮ ಕೇಳೋ ಒಂದು ಕಾಲಂ ಇದೆ, ಅದು ತೆರಿಗೆಗೆ. ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟೆಂಟ್ ಅಂತ ಬರೆದರೆ ಆದಾಯ ತೆರಿಗೆಯ ಮೇಲೆ 9% ಚರ್ಚ್ ತೆರಿಗೆ ಬೀಳುತ್ತೆ, ಬವೇರಿಯಾ, ಬಾಡೆನ್-ವುರ್ಟೆಂಬರ್ಗ್ ರಾಜ್ಯಗಳಲ್ಲಿ 8%. ಕಟ್ಟೋ ಮನಸ್ಸಿದ್ರೆ ಕಟ್ಟಿ, ತಿಳಿಯದೆ ಕಟ್ಟೋದು ಬೇಡ.

ನೋಂದಣಿ ಆದ ಕೆಲವು ವಾರಕ್ಕೆ 11 ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತೆ. ಫೋನಿಗಲ್ಲ, ಇಮೇಲ್‌ಗಲ್ಲ, ಅಂಚೆಗೆ. ಅದು ಸಿಗೋವರೆಗೆ ಕಂಪನಿ ಸಂಬಳದಲ್ಲಿ 6ನೇ ವರ್ಗದ ತೆರಿಗೆ, ಅಂದ್ರೆ ಅತಿ ಹೆಚ್ಚಿನದು, ಹಿಡಿಯಬಹುದು. ಆಮೇಲೆ ಸರಿಹೋಗುತ್ತೆ, ಆದರೆ ಮೊದಲ ಸಂಬಳ ನೋಡಿ ಎದೆ ಧಸಕ್ ಅನ್ನುತ್ತೆ.

ರತ್ನಗಿರಿ ಬೋರೆ
ರಾಯರ ಮಾತಿಗೆ ಒಂದು ಸೇರಿಸ್ತೀನಿ. ಅಲ್ಲಿ ಮನೆಗಳಿಗೆ 'ಎರಡನೇ ಮಹಡಿ, ನಂಬರ್ 204' ಅನ್ನೋದು ಸಾಮಾನ್ಯವಾಗಿ ಇರಲ್ಲ. ಒಂದು ಕಟ್ಟಡದಲ್ಲಿ ಹತ್ತು ಮನೆ ಇದ್ರೂ ವಿಳಾಸ ಒಂದೇ. ಅಂಚೆಯವರು ನೋಡೋದು ಡಬ್ಬಿ ಮೇಲಿನ ಹೆಸರು ಮಾತ್ರ. ಕೀಲಿ ಸಿಕ್ಕ ದಿನವೇ ಪಾಸ್‌ಪೋರ್ಟಿನಲ್ಲಿರೋ ಸರ್‌ನೇಮ್ ದೊಡ್ಡ ಅಕ್ಷರದಲ್ಲಿ ಬರೆದು ಡಬ್ಬಿಗೂ ಕರೆಗಂಟೆಗೂ ಅಂಟಿಸಿ. ಇಲ್ಲದಿದ್ರೆ ತೆರಿಗೆ ಸಂಖ್ಯೆ, ಬ್ಯಾಂಕ್ ಕಾರ್ಡು, ಅದರ ಪಿನ್ನು, ವಿಮೆ ಕಾರ್ಡು ಎಲ್ಲಾ 'ಇಂಥವರು ಇಲ್ಲಿಲ್ಲ' ಅಂತ ವಾಪಸ್. ಬೇರೆಯವರ ಜೊತೆ ಕೋಣೆ ಹಂಚಿಕೊಂಡಿದ್ರೂ ನಿಮ್ಮ ಹೆಸರು ಪ್ರತ್ಯೇಕ ಇರಬೇಕು.

ಇನ್ನು ಮನೆ. ಬಾಡಿಗೆ ಎರಡು ಲೆಕ್ಕ. 'ಕಾಲ್ಟ್' ಅಂದ್ರೆ ಬರೀ ಗೋಡೆಗೆ, 'ವಾರ್ಮ್' ಅಂದ್ರೆ ಬಿಸಿ ಮಾಡೋ ಖರ್ಚು, ನೀರು, ಕಸ ಸೇರಿಸಿ. ವಿದ್ಯುತ್ತು ಸಾಮಾನ್ಯವಾಗಿ ವಾರ್ಮ್‌ನಲ್ಲೂ ಸೇರಿರಲ್ಲ. ಮುಂಗಡ ಕಾನೂನು ಪ್ರಕಾರ ಹೆಚ್ಚೆಂದರೆ ಮೂರು ತಿಂಗಳ ಕಾಲ್ಟ್ ಬಾಡಿಗೆ, ಅದನ್ನೂ ಮೂರು ಸಮ ಕಂತಲ್ಲಿ ಕೊಡೋ ಹಕ್ಕಿದೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೆನಪಿರೋರಿಗೆ ಇದು ಖುಷಿ ಸುದ್ದಿ.

ಖುಷಿ ಇಲ್ಲದ ಸುದ್ದಿ: ಖಾಲಿ ಮನೆ ಅಂದ್ರೆ ನಿಜವಾಗಿ ಖಾಲಿ. ಎಷ್ಟೋ ಮನೆಯಲ್ಲಿ ಒಲೆ, ಸಿಂಕು, ಕಪಾಟು, ಬಲ್ಬು ಯಾವುದೂ ಇರಲ್ಲ, ಗೋಡೆಯಲ್ಲಿ ನೀರಿನ ಪೈಪಿನ ಬಾಯಿ ಅಷ್ಟೇ. ಜಾಹೀರಾತಲ್ಲಿ 'ಐನ್‌ಬೌಕ್ಯುಷೆ' ಅಂತ ಇದ್ರೆ ಮಾತ್ರ ಅಡುಗೆಮನೆ ಇದೆ ಅಂತ ಅರ್ಥ. ಮೊದಲ ವರ್ಷಕ್ಕೆ ಅಂಥದ್ದೇ ಹುಡುಕಿ.

ಕೀಲಿ ತಗೊಳ್ಳುವಾಗ ಹಸ್ತಾಂತರದ ಪಟ್ಟಿ ಬರೆಸಿ ಇಬ್ಬರೂ ಸಹಿ ಹಾಕಿ. ಗೋಡೆ ಮೇಲಿನ ಪ್ರತಿ ಗೀರು, ವಿದ್ಯುತ್ ಮೀಟರಿನ ಸಂಖ್ಯೆ, ಆ ದಿನದ ರೀಡಿಂಗು ಫೋಟೋ ಸಮೇತ. ನೀವಾಗಿ ವಿದ್ಯುತ್ ಕಂಪನಿ ಆರಿಸದಿದ್ರೆ ಆ ಊರಿನ ಮೂಲ ಸರಬರಾಜುದಾರರ ದರ ತಾನಾಗಿ ಶುರುವಾಗುತ್ತೆ, ಅದು ಸಾಮಾನ್ಯವಾಗಿ ದುಬಾರಿ. ಎರಡು ವಾರದ ನೋಟಿಸ್ ಕೊಟ್ಟು ಯಾವಾಗ ಬೇಕಾದ್ರೂ ಬದಲಾಯಿಸಬಹುದು.

ಅರಸೀಕೆರೆ ಪ್ಯಾಸೆಂಜರ್
ಮಾಲೀಕರು ವಿದೇಶದಲ್ಲಿದ್ದಾರಂತೆ, ದುಡ್ಡು ಹಾಕಿದ್ರೆ ಕೀಲಿ ಕೊರಿಯರ್ ಮಾಡ್ತಾರಂತೆ. ಫೋಟೋದಲ್ಲಿ ಮನೆ ಅರಮನೆ ಥರ ಇದೆ.

ರತ್ನಗಿರಿ ಬೋರೆ
ಮೋಸ. ನೀವೋ ನಿಮ್ಮ ಪರವಾಗಿ ಯಾರೋ ಒಳಗೆ ಕಾಲಿಟ್ಟು ನೋಡೋವರೆಗೆ ಒಂದು ಯೂರೋನೂ ಕಳಿಸಬೇಡಿ. ಪಾಸ್‌ಪೋರ್ಟ್ ಪ್ರತಿಯನ್ನೂ ಕಳಿಸಬೇಡಿ.

ಏಲಕ್ಕಿ ಗೊನೆ
ಬೋರೆ ಅಣ್ಣ, ಬೂಷ್ಟಿನ ವಿಷಯ ಬಿಟ್ರಲ್ಲ. ಮುಂಗಡದ ದುಡ್ಡು ಹೋಗೋದೇ ಅಲ್ಲಿ.

ರತ್ನಗಿರಿ ಬೋರೆ
ಅದಕ್ಕೇ ಬೇರೆ ಬರೆಯೋಣ ಅಂತಿದ್ದೆ, ಅಕ್ಕ. ಮಲೆನಾಡಿನವರು ಇಲ್ಲೇ ಎಡವೋದು, ಯಾಕಂದ್ರೆ ಬೂಷ್ಟು ನಮಗೆ ಗೊತ್ತು ಅನ್ನೋ ಧೈರ್ಯ.

ನಮ್ಮ ಮಳೆಗಾಲದ ಬುದ್ಧಿ ಏನು? ಕಿಟಕಿ ಮುಚ್ಚು, ಥಂಡಿ ಒಳಗೆ ಬಿಡಬೇಡ, ಬಟ್ಟೆ ಮನೆಯೊಳಗೆ ಒಣಗಿಸು. ಜುಲೈನಲ್ಲಿ ಸಕಲೇಶಪುರದಲ್ಲಿ ಇದು ಸರಿ, ಹೊರಗಿನ ಗಾಳಿಯೇ ತೊಯ್ದಿರುತ್ತೆ. ಜರ್ಮನಿಯ ಚಳಿಗಾಲದಲ್ಲಿ ಇದೇ ಬುದ್ಧಿ ಓಡಿಸಿದ್ರೆ ಕ್ರಿಸ್‌ಮಸ್ ಹೊತ್ತಿಗೆ ಮಂಚದ ಹಿಂದಿನ ಗೋಡೆ ಕಪ್ಪಗಾಗಿರುತ್ತೆ. ಅಲ್ಲಿ ತೇವ ಹುಟ್ಟೋದು ಮನೆಯೊಳಗೆ: ಉಸಿರು, ಸ್ನಾನ, ಅನ್ನದ ಹಬೆ, ಒಣ ಹಾಕಿದ ಬಟ್ಟೆ. ಕಿಟಕಿ ಎರಡು ಪದರದ ಗಾಜಿನದು, ರಬ್ಬರ್ ಅಂಚಿನದು, ಹಂಚಿನ ಮನೆ ಥರ ತಾನಾಗಿ ಉಸಿರಾಡಲ್ಲ. ತೇವ ತಣ್ಣಗಿರೋ ಹೊರಗೋಡೆ ಹುಡುಕಿಕೊಂಡು ಹೋಗಿ ಅಲ್ಲಿ ನೀರಾಗುತ್ತೆ.

ಹೊರಗೆ ಮಂಜು ಬೀಳ್ತಿದ್ರೂ ಕಿಟಕಿ ತೆಗೆಯೋದು ಯಾಕೆ ಅಂದ್ರೆ: 0 ಡಿಗ್ರಿ ಗಾಳಿ ಒಂದು ಘನ ಮೀಟರಿಗೆ ಹೆಚ್ಚೆಂದರೆ 5 ಗ್ರಾಂ ನೀರಾವಿ ಹಿಡಿಯುತ್ತೆ, 20 ಡಿಗ್ರಿ ಗಾಳಿ 17 ಗ್ರಾಂ. ಹೊರಗಿನ ಗಾಳಿ ಒಳಗೆ ಬಂದು ಬೆಚ್ಚಗಾದ ಮೇಲೆ ಅದರ ತೇವ 30%ಗಿಂತ ಕಡಿಮೆ. ಒದ್ದೆ ಬಟ್ಟೆ ಕೊಟ್ಟು ಒಣ ಬಟ್ಟೆ ತಗೊಂಡ ಹಾಗೆ.

ಮಾಡೋ ಕ್ರಮ: ಬೆಳಗ್ಗೆ, ಸಂಜೆ, ಅಡುಗೆ ಆದ ಮೇಲೆ ಹೀಟರಿನ ಗುಂಡಿ ಪೂರ್ತಿ ಇಳಿಸಿ, ಎದುರುಬದುರು ಕಿಟಕಿಗಳನ್ನ ಅಗಲವಾಗಿ ತೆಗೆದು 5ರಿಂದ 10 ನಿಮಿಷ ಬಿಡಿ. ಆಮೇಲೆ ಮುಚ್ಚಿ ಹೀಟರ್ ಮತ್ತೆ ಹಾಕಿ. ಗಾಳಿ ಮಾತ್ರ ಬದಲಾಗುತ್ತೆ, ಗೋಡೆ ಬಿಸಿ ಹಾಗೇ ಉಳಿಯುತ್ತೆ. ಕಿಟಕಿಯನ್ನ ಮೇಲಿಂದ ಓರೆ ಮಾಡಿ ದಿನವಿಡೀ ಬಿಡೋದು ಮಾತ್ರ ಬೇಡ. ಗಾಳಿ ಸರಿಯಾಗಿ ಬದಲಾಗಲ್ಲ, ಕಿಟಕಿ ಸುತ್ತಲಿನ ಗೋಡೆ ತಣ್ಣಗಾಗಿ ಬೂಷ್ಟು ಅಲ್ಲೇ ಶುರುವಾಗುತ್ತೆ.

ಹೀಟರಿನ ಗುಂಡಿ ಮೇಲೆ 1ರಿಂದ 5 ಇರುತ್ತೆ. ಅದು ಫ್ಯಾನಿನ ರೆಗ್ಯುಲೇಟರ್ ಅಲ್ಲ, ಎಷ್ಟು ಡಿಗ್ರಿಗೆ ನಿಲ್ಲಬೇಕು ಅನ್ನೋ ಗುರುತು. 3 ಅಂದ್ರೆ ಸುಮಾರು 20 ಡಿಗ್ರಿ, ಒಂದೊಂದು ಅಂಕಿಗೆ ಹತ್ತಿರ ಹತ್ತಿರ 4 ಡಿಗ್ರಿ ವ್ಯತ್ಯಾಸ. 5ಕ್ಕೆ ತಿರುಗಿಸಿದ್ರೆ ಬೇಗ ಬಿಸಿಯಾಗಲ್ಲ, 28ರವರೆಗೂ ಉರೀತಾನೇ ಇರುತ್ತೆ. ವರ್ಷದ ಕೊನೆಯ ಲೆಕ್ಕದಲ್ಲಿ ಬಿಲ್ಲು ಬರುತ್ತೆ. ಹಾಗಂತ ಉಳಿತಾಯಕ್ಕೆ ಮಲಗೋ ಕೋಣೆಯ ಹೀಟರನ್ನ ಪೂರ್ತಿ ಆರಿಸಿ ಬಾಗಿಲು ತೆಗೆದಿಟ್ರೆ ಬೆಚ್ಚಗಿನ ಕೋಣೆಯ ತೇವವೆಲ್ಲ ಅಲ್ಲಿಗೇ ಹೋಗಿ ಕೂರುತ್ತೆ.

ಬೀರು, ಮಂಚ ಹೊರಗೋಡೆಯಿಂದ ಒಂದು ಗೇಣು ಅಲ್ಲದಿದ್ರೂ 5ರಿಂದ 10 ಸೆಂಟಿಮೀಟರ್ ದೂರ. ಹತ್ತು ಯೂರೋಗೆ ತೇವ ಅಳೆಯೋ ಪುಟ್ಟ ಮೀಟರ್ ಸಿಗುತ್ತೆ, ಮುಳ್ಳು 40ರಿಂದ 60ರೊಳಗೆ ಇರಲಿ.

ಏಲಕ್ಕಿ ಗೊನೆ
ಅಡುಗೆಮನೆ ನನಗೆ ಬಿಡಿ.

ಮೊದಲು ಒಲೆ ಯಾವುದು ಅಂತ ನೋಡಿಕೊಂಡು ಪಾತ್ರೆ ಕಟ್ಟಿ. ಎರಡೂ ಕಪ್ಪು ಗಾಜೇ. ಆನ್ ಮಾಡಿದಾಗ ಗಾಜಿನ ಕೆಳಗೆ ಕೆಂಪಗಾದ್ರೆ ಅದು ಸಾದಾ ಸೆರಾನ್, ತಳ ಸಮ ಇರೋ ಅಲ್ಯೂಮಿನಿಯಂ ಕುಕ್ಕರೂ ನಡೆಯುತ್ತೆ. ಕೆಂಪಾಗದಿದ್ರೆ ಇಂಡಕ್ಷನ್, ತಳಕ್ಕೆ ಅಯಸ್ಕಾಂತ ಅಂಟಿಕೊಳ್ಳೋ ಪಾತ್ರೆ ಮಾತ್ರ. ಊರಿಂದ ಹೊರೋದಾದ್ರೆ ಇಂಡಕ್ಷನ್ ತಳದ ಸ್ಟೀಲ್ ಕುಕ್ಕರ್ ಹೊರಿ, ಎರಡಕ್ಕೂ ಆಗುತ್ತೆ. ಗ್ಯಾಸ್ಕೆಟ್ ಎರಡು, ಸೇಫ್ಟಿ ವಾಲ್ವ್ ಒಂದು ಜೊತೆಗಿರಲಿ.

ಸೆರಾನ್ ಆರಿಸಿದ ಮೇಲೂ ಸುಮಾರು ಹೊತ್ತು ಕಾಯ್ದೇ ಇರುತ್ತೆ. ಹಾಲು ಉಕ್ಕುವಾಗ ಗುಂಡಿ ತಿರುಗಿಸಿದ್ರೆ ಪ್ರಯೋಜನ ಇಲ್ಲ, ಪಾತ್ರೆಯನ್ನೇ ಎತ್ತಬೇಕು. ಮುದ್ದೆಗೂ ಅಷ್ಟೇ. ಹಿಟ್ಟು ಬೆಂದ ಮೇಲೆ ಪಾತ್ರೆ ಕೆಳಗಿಳಿಸಿ, ನೆಲದ ಮೇಲೆ ಒದ್ದೆ ಬಟ್ಟೆ ಹಾಸಿ, ಅದರ ಮೇಲಿಟ್ಟು ಕೋಲಾಡಿಸಿ. ಗಾಜಿನ ಮೇಲೇ ತಿರುವಿದ್ರೆ ಪಾತ್ರೆ ಜಾರುತ್ತೆ, ಗಾಜು ಗೀರುತ್ತೆ, ಸೀಳಿದ್ರೆ ಬದಲಾಯಿಸೋ ಖರ್ಚು ನಿಮ್ಮದೇ. ರಾಗಿ ಹಿಟ್ಟು, ಸೋನಾ ಮಸೂರಿ, ಉದ್ದಿನಬೇಳೆಗೆ ಭಾರತೀಯ ಅಂಗಡಿಗಿಂತ ಶ್ರೀಲಂಕಾ ತಮಿಳರ ಅಂಗಡಿ ಹುಡುಕಿ, ದಕ್ಷಿಣದ ಸಾಮಾನು ಅಲ್ಲಿ ಸರಿಯಾಗಿ ಸಿಗುತ್ತೆ.

ಇಡ್ಲಿ ಹಿಟ್ಟು 20 ಡಿಗ್ರಿ ಕೋಣೆಯಲ್ಲಿ ರಾತ್ರಿ ಕಳೆದ್ರೂ ಹುಳಿ ಬರಲ್ಲ. ಅವನ್ ಒಳಗೆ ಬಿಸಿ ಹಾಕದೆ ಬರೀ ದೀಪ ಹಚ್ಚಿ ಹಿಟ್ಟಿನ ಪಾತ್ರೆ ಇಡಿ, 8ರಿಂದ 12 ಗಂಟೆಯಲ್ಲಿ ಉಬ್ಬುತ್ತೆ. ಕೆಳಗೊಂದು ತಟ್ಟೆ ಇರಲಿ, ಉಕ್ಕಿದ್ರೆ ಅವನ್ ತೊಳೆಯೋ ಕೆಲಸ ತಪ್ಪುತ್ತೆ. ಹೆಪ್ಪಿಗೆ ಅಂಗಡಿಯ ಮೊಸರು ಆಗುತ್ತೆ, 'ಮಿಲ್ಡ್' ಅಂತ ಬರೆದಿದ್ರೆ ನಮ್ಮ ಹುಳಿ ಬರಲ್ಲ. 'ಕ್ವಾರ್ಕ್' ಡಬ್ಬಿ ನೋಡಿ ಗಟ್ಟಿ ಮೊಸರು ಅಂತ ತರಬೇಡಿ, ಅದು ಬೇರೆಯೇ.

ಮಿಕ್ಸಿ ಒಯ್ಯಬಹುದು, ಅಲ್ಲೂ 230 ವೋಲ್ಟ್, 50 ಹರ್ಟ್ಸ್. ನಮ್ಮ ಮೂರು ಗುಂಡು ಪಿನ್ ಮಾತ್ರ ಅಲ್ಲಿಯ ಸಾಕೆಟ್ಟಿಗೆ ಹೋಗಲ್ಲ, ಅರ್ತಿಂಗ್ ಇರೋ ಅಡಾಪ್ಟರ್ ತಗೊಳ್ಳಿ. ಒಗ್ಗರಣೆ ಹಾಕುವಾಗ ಕಿಟಕಿ ತೆಗೀರಿ, ಮೆಟ್ಟಿಲ ಕಡೆಯ ಬಾಗಿಲು ತೆಗೀಬೇಡಿ. ಒಲೆ ಮೇಲಿನ ಚಿಮಣಿ ಎಷ್ಟೋ ಮನೆಯಲ್ಲಿ ಹೊಗೆ ಹೊರಗೆ ಹಾಕಲ್ಲ, ಸೋಸಿ ಮತ್ತೆ ಒಳಗೇ ಬಿಡುತ್ತೆ. ಬ್ಯಾಡಗಿ ಮೆಣಸಿನಕಾಯಿ ಕಮಟು ಹೊಗೆ ಅಲಾರಮ್‌ಗೂ ಗೊತ್ತಾಗುತ್ತೆ.

ಅರಸೀಕೆರೆ ಪ್ಯಾಸೆಂಜರ್
ಅಕ್ಕ, ಕಾಫಿ ಪುಡಿ? ಅದಿಲ್ಲದೆ ಹೋಗೋ ಹಾಗಿಲ್ಲ. ತುಪ್ಪಾನೂ ಹಾಕ್ತೀನಿ ಅಂತಿದ್ದಾರೆ ಅಮ್ಮ.

ಏಲಕ್ಕಿ ಗೊನೆ
ತುಪ್ಪ ಬೇಡ. ಹಾಲು, ಮಾಂಸದಿಂದ ಮಾಡಿದ್ದನ್ನ ಭಾರತದಿಂದ ಯೂರೋಪಿಗೆ ಸಾಮಾನಿನಲ್ಲಿ ಒಯ್ಯೋ ಹಾಗಿಲ್ಲ, ತುಪ್ಪ, ಪನೀರು, ಖೋವಾ ಎಲ್ಲ ಸೇರಿ. ಉಪ್ಪಿಲ್ಲದ ಬೆಣ್ಣೆ ಅಲ್ಲಿ ಚೆನ್ನಾಗಿರೋದು ಸಿಗುತ್ತೆ, ಅರ್ಧ ಗಂಟೆ ಕಾಯಿಸಿ. ಹಸಿ ಕರಿಬೇವಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಪ್ರವೇಶ ಇಲ್ಲ. ತೆಂಗಿನಕಾಯಿ, ಬಾಳೆಹಣ್ಣಿಗೆ ಆ ಪತ್ರ ಬೇಡ.

ಕಾಫಿ ಪುಡಿ ಕೈಯಲ್ಲಿ ಒಯ್ಯೋದಾದ್ರೆ, ವಿಮಾನದಲ್ಲಿ ಬರೋರ ಒಟ್ಟು ಸಾಮಾನಿಗೆ ಸುಂಕ ಇಲ್ಲದೆ 430 ಯೂರೋ ಮಿತಿ, ಅದರೊಳಗೆ ಬರುತ್ತೆ. ಅಂಚೆಯಲ್ಲಿ ಕಳಿಸಿಕೊಳ್ಳೋದು ಬೇರೆ ಲೆಕ್ಕ: ಮನೆಯವರು ಕಳಿಸೋ ಉಡುಗೊರೆಗೆ 45 ಯೂರೋ ಬೆಲೆಯ ಮಿತಿ, ಕಾಫಿ 500 ಗ್ರಾಂ ದಾಟಬಾರದು. ಜರ್ಮನಿಯಲ್ಲಿ ಹುರಿದ ಕಾಫಿಗೇ ಪ್ರತ್ಯೇಕ ತೆರಿಗೆ ಇದೆ, ಕಿಲೋಗೆ 2.19 ಯೂರೋ. ಕಾಫಿ ನಾಡಿನವರಿಗೆ ಇದಕ್ಕಿಂತ ಅವಮಾನ ಇನ್ನೇನಿದೆ. ಹಾಲಿಗೆ ಫ್ರಿಜ್‌ನಲ್ಲಿಟ್ಟಿರೋ ತಾಜಾ 3.5% ಹಾಲು ತನ್ನಿ. ಹೊರಗೆ ಸಾಲಾಗಿ ಜೋಡಿಸಿರೋ, ತಿಂಗಳುಗಟ್ಟಲೆ ಕೆಡದ ಎಚ್-ಮಿಲ್ಖ್ ಡಬ್ಬಿಯ ಹಾಲಲ್ಲಿ ಕಾಫಿ ಮಾಡಿದ್ರೆ ಬೆಂದ ವಾಸನೆ.

ಕೆಎ 13
ಓಡಾಟ ಚಿಕ್ಕದಾಗಿ. ಬಸ್ಸು, ಟ್ರಾಮಿನಲ್ಲಿ ಕಂಡಕ್ಟರ್ ಬಂದು 'ಎಲ್ಲಿಗೆ' ಅಂತ ಕೇಳಲ್ಲ. ಟಿಕೆಟ್ ಮೊದಲೇ ತಗೊಂಡು, ಮುದ್ರೆ ಒತ್ತೋ ಥರದ್ದಾದ್ರೆ ಒತ್ತಿಕೊಂಡು ಕೂರಬೇಕು. ಮಫ್ತಿಯಲ್ಲಿ ಬಂದು ಹಿಡಿದ್ರೆ 60 ಯೂರೋ. ಡಾಯ್ಚ್‌ಲಾಂಡ್ ಟಿಕೆಟ್ 2026ರ ಜನವರಿಯಿಂದ ತಿಂಗಳಿಗೆ 63 ಯೂರೋ, ಇಡೀ ದೇಶದ ಊರೊಳಗಿನ ಬಸ್ಸು, ಮೆಟ್ರೊ, ನಿಧಾನದ ರೈಲುಗಳಿಗೆ ನಡೆಯುತ್ತೆ, ವೇಗದ ಐಸಿಇಗೆ ನಡೆಯಲ್ಲ. ಬೇಡ ಅಂದ್ರೆ ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಬೇಕು.

ನಮ್ಮ ಡಿಎಲ್ ಅಲ್ಲಿ ನೆಲೆಸಿದ ಮೇಲೆ 6 ತಿಂಗಳು ಮಾತ್ರ. ಹೋಗೋ ಮುಂಚೆ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿ. ಅದರ ಮೇಲೆ ಒಂದು ವರ್ಷ ಅಂತ ಇದ್ರೂ 6 ತಿಂಗಳ ನಿಯಮ ಬದಲಾಗಲ್ಲ. ಆಮೇಲೆ ಬರಹದ ಪರೀಕ್ಷೆ, ಓಡಿಸೋ ಪರೀಕ್ಷೆ ಎರಡೂ ಕೊಡಬೇಕು, ಕಡ್ಡಾಯ ತರಗತಿಗಳಿಂದ ಮಾತ್ರ ವಿನಾಯಿತಿ. ಹಾಗಂತ ಒಂದೂ ತರಗತಿ ಇಲ್ಲದೆ ಹೋಗಬೇಡಿ. ಫಲಕ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರೋರಿಗೆ ಮೊದಲ ಹಕ್ಕು, ಅದು ಸೈಕಲ್ಲಾದ್ರೂ ಸರಿ. ದೊಡ್ಡ ಗಾಡಿ ಮೊದಲು ಅನ್ನೋ ಬಿ.ಎಂ. ರಸ್ತೆಯ ಅಭ್ಯಾಸ ಇರೋರು ಫೇಲಾಗೋದು ಇಲ್ಲೇ.

ಹೇಮಾವತಿ ದಡ
ಆಸ್ಪತ್ರೆ ವಿಷಯ ಯಾರೂ ಮುಟ್ಟಿಲ್ಲ.

ಕಾಗದಪತ್ರ ರಾಯ
ಜ್ವರ ಬಂದ್ರೆ ನೇರ ಆಸ್ಪತ್ರೆಗೆ ಹೋಗೋದಲ್ಲ, ಮೊದಲು ಮನೆ ಹತ್ತಿರದ ಕುಟುಂಬ ವೈದ್ಯರು. ಹುಷಾರಾಗಿರುವಾಗಲೇ ಒಬ್ಬರನ್ನ ಗೊತ್ತು ಮಾಡಿಕೊಳ್ಳಿ. ರಾತ್ರಿ, ಭಾನುವಾರ ತಡೆಯೋಕಾಗದಿದ್ರೆ 116117ಕ್ಕೆ ಫೋನ್ ಮಾಡಿ. ಜೀವಕ್ಕೇ ಅಪಾಯ ಅಂದ್ರೆ 112. ಕೆಲಸದಲ್ಲಿರೋರು ಮೊದಲ ದಿನ ಬೆಳಗ್ಗೆಯೇ ಕಚೇರಿಗೆ ತಿಳಿಸಬೇಕು, ಮೂರು ದಿನ ದಾಟಿದ್ರೆ ವೈದ್ಯರ ಪತ್ರ ಬೇಕು. ಕೆಲವು ಕಂಪನಿ ಮೊದಲ ದಿನಕ್ಕೇ ಕೇಳ್ತಾವೆ, ಕರಾರು ಓದಿಕೊಳ್ಳಿ.

ಪ್ಯಾರಾಸಿಟಮಾಲ್ ಕೂಡ 'ಅಪೊಥೇಕೆ' ಅನ್ನೋ ಔಷಧಿ ಅಂಗಡಿಯಲ್ಲೇ, ಸೂಪರ್ ಮಾರ್ಕೆಟ್ಟಲ್ಲಿ ಸಿಗಲ್ಲ. ಆ್ಯಂಟಿಬಯೋಟಿಕ್ ಚೀಟಿ ಇಲ್ಲದೆ ಎಲ್ಲೂ ಇಲ್ಲ. ದಿನಾ ತಗೊಳ್ಳೋ ಮಾತ್ರೆ ಸ್ವಂತಕ್ಕೆ ಸುಮಾರು ಮೂರು ತಿಂಗಳಿನಷ್ಟು ಒಯ್ಯಬಹುದು. ಚೀಟಿಯಲ್ಲಿ ಕಂಪನಿ ಹೆಸರಲ್ಲ, ಔಷಧದ ಮೂಲ ಹೆಸರು ಟೈಪ್ ಮಾಡಿಸಿ.

ತೋಟದ ಲೆಕ್ಕ
ಊರ ಕಡೆಯದ್ದು ನಾನು ಹೇಳ್ತೀನಿ. ನೆಲೆಸೋಕೆ ಹೊರಟ ಮೇಲೆ ಇಲ್ಲಿಯ ಸಾದಾ ಉಳಿತಾಯ ಖಾತೆ ಹಾಗೇ ಇಟ್ಟುಕೊಳ್ಳೋ ಹಾಗಿಲ್ಲ, ಹೊರದೇಶದಲ್ಲಿರೋರ ಇಲ್ಲಿಯ ಆದಾಯಕ್ಕೆ ಇರೋ ಎನ್‌ಆರ್‌ಒ ಖಾತೆಗೆ ಬದಲಾಯಿಸಬೇಕು. ಮೆಣಸು, ಕಾಫಿ ಮಾರಿದ ದುಡ್ಡು ಅದಕ್ಕೇ ಬರಲಿ. ಪಿತ್ರಾರ್ಜಿತ ತೋಟ ಇಟ್ಟುಕೊಳ್ಳೋಕೆ ಅಡ್ಡಿ ಇಲ್ಲ, ಮುಂದೆ ವಾರಸಿನಿಂದ ಬಂದ್ರೂ ಸರಿ. ಆದರೆ ಎನ್‌ಆರ್‌ಐ ಆದ ಮೇಲೆ ಹೊಸದಾಗಿ ಕೃಷಿ ಜಮೀನು, ಪ್ಲಾಂಟೇಶನ್, ಫಾರಂ ಹೌಸ್ ಕೊಳ್ಳೋ ಹಾಗಿಲ್ಲ. 2020ರಲ್ಲಿ ಕರ್ನಾಟಕ ಯಾರು ಬೇಕಾದ್ರೂ ಜಮೀನು ಕೊಳ್ಳಬಹುದು ಅಂತ ಮಾಡಿದೆಯಲ್ಲ ಅಂತ ವಾದಿಸ್ತಾರೆ. ಅದು ರಾಜ್ಯದ ಭೂ ಕಾನೂನು. ಎನ್‌ಆರ್‌ಐಗೆ ಅಡ್ಡ ಬರೋದು ಕೇಂದ್ರದ ಫೆಮಾ, ಅಂದ್ರೆ ವಿದೇಶಿ ವಿನಿಮಯ ಕಾನೂನು.

ಭಾಗ ಪತ್ರ, ಸಾಲ, ಕೋರ್ಟು ಏನಾದ್ರೂ ಬಾಕಿ ಇದ್ರೆ ಹೊರಡೋ ಮುಂಚೆ ಇಲ್ಲೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಜಿಪಿಎ, ಅಂದ್ರೆ ನಿಮ್ಮ ಪರವಾಗಿ ಸಹಿ ಹಾಕೋ ಅಧಿಕಾರ ಪತ್ರ, ಮಾಡಿಕೊಟ್ಟು ಹೋಗಿ. ಅಲ್ಲಿಂದ ಮಾಡೋದಾದ್ರೆ ಬರ್ಲಿನ್, ಫ್ರಾಂಕ್‌ಫರ್ಟ್, ಹ್ಯಾಂಬರ್ಗ್ ಅಥವಾ ಮ್ಯೂನಿಕ್‌ನ ಭಾರತೀಯ ಕಚೇರಿಯಲ್ಲಿ ದೃಢೀಕರಿಸಿ ಕಳಿಸಬೇಕು, ಇಲ್ಲಿಗೆ ತಲುಪಿದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಎಷ್ಟೋ ಮನೆಯಲ್ಲಿ ಆ ಲಕೋಟೆ ಬೀರುವಿನಲ್ಲೇ ಇದ್ದು ಅವಧಿ ಮುಗಿಯುತ್ತೆ.

ಇನ್ನೊಂದು, ಬ್ಯಾಂಕಿಗೆ ಕೊಟ್ಟಿರೋ ಮೊಬೈಲ್ ನಂಬರ್ ಜೀವಂತ ಇರಲಿ. ಹೊರಡೋ ಮುಂಚೆ ರೋಮಿಂಗ್ ಹಾಕಿಸಿ, ರೀಚಾರ್ಜ್ ತಪ್ಪಿಸಬೇಡಿ. 90 ದಿನ ಬಳಕೆ ಇಲ್ಲದಿದ್ರೆ ನಂಬರ್ ಕೈಬಿಡಬಹುದು, ಒಟಿಪಿ ಹೋದ್ರೆ ಖಾತೆಯ ಬಾಗಿಲೇ ಹಾಕಿದ ಹಾಗೆ.

ಅರಸೀಕೆರೆ ಪ್ಯಾಸೆಂಜರ್
ಟಿವಿ ಇಲ್ಲದಿದ್ರೂ ಟಿವಿ ಶುಲ್ಕದ ಪತ್ರ ಬರುತ್ತಂತೆ, ಹರಿದು ಹಾಕಿದ್ರಾಯ್ತು ಅಂತಾರೆ. ನಿಜವಾ?

ಕಾಗದಪತ್ರ ರಾಯ
ಹರಿಯಬೇಡಿ. ಒಂದು ಮನೆಗೆ ತಿಂಗಳಿಗೆ 18.36 ಯೂರೋ, ಟಿವಿ ಇರಲಿ ಬಿಡಲಿ. ಸುಮ್ಮನಿದ್ರೆ ಬಾಕಿ ಬೆಳೆದು ವಸೂಲಿಗೆ ಬರ್ತಾರೆ. ಆದರೆ ಲೆಕ್ಕ ಮನೆಗೆ, ತಲೆಗಲ್ಲ. ಜೊತೆಯಲ್ಲಿರೋ ಒಬ್ಬರು ಕಟ್ಟುತ್ತಿದ್ರೆ ಅವರ ಶುಲ್ಕ ಖಾತೆಯ ಸಂಖ್ಯೆ ಬರೆದು ಉತ್ತರ ಕಳಿಸಿ, ಸಾಕು.

ಅರಸೀಕೆರೆ ಪ್ಯಾಸೆಂಜರ್
ಕೊನೇದು. ಭಾನುವಾರ ಬೆಳಗ್ಗೆ ದೋಸೆ ಹಿಟ್ಟು ರುಬ್ಬಬಹುದಾ?

ಏಲಕ್ಕಿ ಗೊನೆ
ಶನಿವಾರ ಮಧ್ಯಾಹ್ನವೇ ರುಬ್ಬಿಡಿ, ತಮ್ಮ. ರಾತ್ರಿ 10ರಿಂದ ಬೆಳಗ್ಗೆ 6, ಭಾನುವಾರ ಇಡೀ ದಿನ ಸದ್ದಿಲ್ಲದ ಹೊತ್ತು. ಭಾನುವಾರ ಅಂಗಡಿಯೂ ಇರಲ್ಲ, ಅಕ್ಕಿ, ಉದ್ದು ಶನಿವಾರದ ಮುಂಚೆಯೇ ಮನೆಯಲ್ಲಿರಬೇಕು. ಬಾಟಲಿಗಳನ್ನ ಗಾಜಿನ ತೊಟ್ಟಿಗೆ ಹಾಕೋದೂ ಆವತ್ತು ಬೇಡ, ಪ್ಲಾಸ್ಟಿಕ್ ನೀರಿನ ಬಾಟಲಿಯನ್ನ ಎಸೆಯಲೇ ಬೇಡಿ, ಅಂಗಡಿಯ ಯಂತ್ರಕ್ಕೆ ಹಾಕಿದ್ರೆ ಸಾಮಾನ್ಯವಾಗಿ ಒಂದಕ್ಕೆ 25 ಸೆಂಟ್ ವಾಪಸ್. ಮಿಕ್ಸಿ ಕೆಳಗೆ ಮಡಿಚಿದ ಟವೆಲ್ ಇಡಿ, ಸದ್ದು ಕೆಳಗಿನ ಮನೆಗೆ ಇಳಿಯಲ್ಲ.